ಐದು ಸೆಕೆಂಡಿಗೊಂದು ಚಿತ್ರ



ಟೈಮ್‌ಲ್ಯಾಪ್ಸ್ ವಿಡಿಯೋಗಳನ್ನು ನೀವೆಲ್ಲ ಮೊಬೈಲಿನಲ್ಲಿ ನೋಡಿರುತ್ತೀರಿ. ಮೊಗ್ಗು ಅರಳುತ್ತದೆ, ಸೂರ್ಯ ಮುಳುಗುತ್ತಾನೆ, ಕಟ್ಟಡ ಎದ್ದು ನಿಲ್ಲುತ್ತದೆ. ಗಂಟೆಗಟ್ಟಲೆ, ದಿನಗಟ್ಟಲೆ ನಡೆದದ್ದು ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಎರಡು ವರ್ಷದಿಂದ ಭಾನುವಾರದ ಬಲಿಪೂಜೆ ಮುಗಿದ ಮೇಲೆ ನನ್ನ ಹವ್ಯಾಸ ಇದೇ. “ಕ್ಯಾಮೆರಾ ಹಿಡಿದು ಗದ್ದೆ ಬಯಲಲ್ಲಿ ಕೂರುವುದಕ್ಕೂ ಭಕ್ತಿಗೂ ಏನು ಸಂಬಂಧ?” ಎಂದು ನಮ್ಮ ಯುವಕೂಟದ ಗೆಳೆಯನೊಬ್ಬ ಕೇಳಿದ. ತಮಾಷೆಗೆ ಕೇಳಿದ್ದೇ ಆದರೂ ಪ್ರಶ್ನೆ ಒಳ್ಳೆಯದು. ನನಗೆ ತಿಳಿದಷ್ಟು ಉತ್ತರ ಬರೆಯುತ್ತೇನೆ. ಈ ಹವ್ಯಾಸ ಶುರು ಮಾಡಬೇಕು ಎನ್ನುವವರಿಗೆ ಒಂದಷ್ಟು ಲೆಕ್ಕಾಚಾರವೂ ಇದರಲ್ಲಿ ಸಿಗುತ್ತದೆ.

ನಾನು ಕೆಲಸ ಮಾಡುವುದು ತಿರುಪ್ಪೂರಿನ ಒಂದು ಬನಿಯನ್ ಕಂಪೆನಿಯಲ್ಲಿ. ಇಲ್ಲಿ ದಿನವನ್ನು ಶಿಫ್ಟಿನಲ್ಲೇ ಅಳೆಯುತ್ತಾರೆ. “ಇವತ್ತು ಒಂದೂವರೆ ಶಿಫ್ಟ್” ಎಂದರೆ ರಾತ್ರಿಯವರೆಗೂ ಕೆಲಸ ಎಂದರ್ಥ. ಎಷ್ಟು ಪೀಸ್ ಆಯಿತು, ಯಾವಾಗ ಕಂಟೇನರ್ ಹೊರಡುತ್ತದೆ ಎನ್ನುವುದರಲ್ಲೇ ವಾರ ಕಳೆದುಹೋಗುತ್ತದೆ. ಭಾನುವಾರ ಮಾತ್ರ ನಮ್ಮದು.

ಲೆಕ್ಕ ಬಹಳ ಸರಳ

ಸಿನಿಮಾ ಎಂದರೆ ಸೆಕೆಂಡಿಗೆ ಇಪ್ಪತ್ನಾಲ್ಕೋ ಇಪ್ಪತ್ತೈದೋ ಸ್ಥಿರಚಿತ್ರಗಳು. ಟೈಮ್‌ಲ್ಯಾಪ್ಸಿನಲ್ಲಿ ಚಿತ್ರಗಳನ್ನು ನಿಧಾನವಾಗಿ ತೆಗೆದು ವೇಗವಾಗಿ ಓಡಿಸುತ್ತೇವೆ, ಅಷ್ಟೆ. ಐದು ಸೆಕೆಂಡಿಗೊಂದರಂತೆ ತೆಗೆದರೆ ಒಂದು ಗಂಟೆಗೆ 720 ಚಿತ್ರ. ಸೆಕೆಂಡಿಗೆ 25ರಂತೆ ಓಡಿಸಿದರೆ 28.8 ಸೆಕೆಂಡಿನ ವಿಡಿಯೋ. ಎರಡು ಗಂಟೆ ಕೂತರೆ 1,440 ಚಿತ್ರ, ಒಂದು ನಿಮಿಷಕ್ಕೂ ಸ್ವಲ್ಪ ಕಡಿಮೆ. ಗಾಳಿಗೆ ಓಡುವ ಮೋಡಕ್ಕೆ ಎರಡು ಮೂರು ಸೆಕೆಂಡಿನ ಅಂತರ ಸಾಕು. ನಿಧಾನದ ಮೋಡಕ್ಕೆ ಐದರಿಂದ ಹತ್ತು. ನಕ್ಷತ್ರಗಳಿಗೆ ಇಪ್ಪತ್ತರಿಂದ ಮೂವತ್ತು.

ನನ್ನ ಬಳಿ ಇರುವುದು ಸೆಕೆಂಡ್ ಹ್ಯಾಂಡ್ ಮಿರರ್‌ಲೆಸ್ ಕ್ಯಾಮೆರಾ. ಹಳೆಯ ಡಿಎಸ್‌ಎಲ್‌ಆರ್‌ನಲ್ಲಿ ಪ್ರತಿ ಚಿತ್ರಕ್ಕೂ ಒಳಗಿನ ಕನ್ನಡಿ ಮೇಲೆದ್ದು ಬೀಳಬೇಕು, ಶಟರ್ ತೆರೆದು ಮುಚ್ಚಬೇಕು. ಒಂದು ಭಾನುವಾರಕ್ಕೆ ಸಾವಿರಾರು ಸಲ ಹಾಗೆ ಬಡಿದರೆ ಯಂತ್ರ ಸವೆಯುತ್ತದೆ. ಮಿರರ್‌ಲೆಸ್‌ನಲ್ಲಿ ಕನ್ನಡಿಯೇ ಇಲ್ಲ. ಎಲೆಕ್ಟ್ರಾನಿಕ್ ಶಟರ್ ಆನ್ ಮಾಡಿದರೆ ಶಬ್ದವೂ ಇಲ್ಲ, ಸವೆತವೂ ಇಲ್ಲ. ಅಂತರ ಗೊತ್ತುಮಾಡಿ ತಾನೇ ಚಿತ್ರ ತೆಗೆಯುವ ಸೌಲಭ್ಯ ಈಗ ಬಹಳಷ್ಟು ಕ್ಯಾಮೆರಾಗಳ ಒಳಗೇ ಇರುತ್ತದೆ. ಕೊರತೆ ಎಂದರೆ ಬ್ಯಾಟರಿ. ಸೆನ್ಸರ್ ಸದಾ ಎಚ್ಚರವಿರುವುದರಿಂದ ಬೇಗ ಖಾಲಿಯಾಗುತ್ತದೆ. ಹಿಂದಿನ ಪರದೆ ಆರಿಸಿಡಿ. ಯುಎಸ್‌ಬಿಯಲ್ಲಿ ವಿದ್ಯುತ್ ತೆಗೆದುಕೊಳ್ಳುವ ಕ್ಯಾಮೆರಾ ಆದರೆ ಒಂದು ಪವರ್ ಬ್ಯಾಂಕ್ ಕಟ್ಟಿಡಿ.

ಇನ್ನೊಂದು ಮುಖ್ಯ ಮಾತು: ಎಲ್ಲವನ್ನೂ ಮ್ಯಾನ್ಯುಯಲ್‌ಗೆ ಇಡಿ. ಫೋಕಸ್, ಅಪರ್ಚರ್, ಐಎಸ್‌ಒ, ವೈಟ್ ಬ್ಯಾಲೆನ್ಸ್ ಯಾವುದನ್ನೂ ಕ್ಯಾಮೆರಾದ ಇಷ್ಟಕ್ಕೆ ಬಿಡಬೇಡಿ. ಬಿಟ್ಟರೆ ಪ್ರತಿ ಚಿತ್ರಕ್ಕೂ ಅದು ಹೊಸ ತೀರ್ಮಾನ ಮಾಡುತ್ತದೆ, ವಿಡಿಯೋ ಕಣ್ಣು ಮಿಟುಕಿಸಿದಂತೆ ಮಿನುಗುತ್ತದೆ. ಟ್ರೈಪಾಡ್ ಮೇಲೆ ಕೂರಿಸಿದಾಗ ಇಮೇಜ್ ಸ್ಟೆಬಿಲೈಸೇಶನ್ ಆರಿಸಿ. ಜೋರು ಗಾಳಿಯಲ್ಲಿ ಟ್ರೈಪಾಡಿನ ನಡುವಿನ ಕೊಕ್ಕೆಗೆ ಕಲ್ಲು ತುಂಬಿದ ಚೀಲ ತೂಗುಹಾಕಿ. ಉಡುಮಲೈಪೇಟೆ ಕಡೆ ಜೂನ್ ತಿಂಗಳಲ್ಲಿ ಹೋದವರಿಗೆ ಈ ಕಲ್ಲಿನ ಚೀಲದ ಬೆಲೆ ಗೊತ್ತಾಗುತ್ತದೆ.

ಗಾಳಿಯ ಬಾಗಿಲು

ಪಶ್ಚಿಮ ಘಟ್ಟ ಉದ್ದಕ್ಕೂ ಗೋಡೆಯ ಹಾಗೆ ನಿಂತಿದೆ. ಉತ್ತರಕ್ಕೆ ನೀಲಗಿರಿ, ದೊಡ್ಡಬೆಟ್ಟದ ತುದಿ 2,637 ಮೀಟರ್. ದಕ್ಷಿಣಕ್ಕೆ ಆನೈಮಲೈ, ಅಲ್ಲಿನ ಆನೈಮುಡಿ 2,695 ಮೀಟರ್. ಇವೆರಡರ ನಡುವೆ ಸುಮಾರು 30 ಕಿಲೋಮೀಟರ್ ಅಗಲದ ಒಂದು ಬಾಗಿಲು ತೆರೆದಿದೆ. ಅದೇ ಪಾಲಕ್ಕಾಡ್ ಕಣಿವೆ. ಮುಂಗಾರಿನಲ್ಲಿ ಅರಬ್ಬೀ ಸಮುದ್ರದ ಗಾಳಿ ಈ ಬಾಗಿಲಿಂದ ನುಗ್ಗಿ ಪೊಳ್ಳಾಚಿ, ಉಡುಮಲೈಪೇಟೆ, ಪಲ್ಲಡಂ ಬಯಲಿನ ಮೇಲೆ ಬೀಸುತ್ತದೆ. ಅದಕ್ಕೇ ಅಲ್ಲೆಲ್ಲ ಸಾಲು ಸಾಲು ಗಾಳಿಯಂತ್ರಗಳು. ಕೆಳಗೆ ತೆಂಗಿನ ತೋಟ, ಮೇಕೆ, ನವಿಲು; ಮೇಲೆ ಬಿಳಿ ರೆಕ್ಕೆಗಳು.

ಈ ರೆಕ್ಕೆಗಳನ್ನು ಟೈಮ್‌ಲ್ಯಾಪ್ಸಿನಲ್ಲಿ ಹಿಡಿಯುವುದು ಸುಲಭವಲ್ಲ. ರೆಕ್ಕೆ ಒಂದು ಸುತ್ತು ಬರಲು ಕೆಲವೇ ಸೆಕೆಂಡು ಸಾಕು. ಐದು ಸೆಕೆಂಡಿಗೊಂದು ಚಿತ್ರ ತೆಗೆದಾಗ ಒಂದರಲ್ಲಿ ಇಲ್ಲಿ, ಮುಂದಿನದರಲ್ಲಿ ಎಲ್ಲೋ. ಓಡಿಸಿ ನೋಡಿದರೆ ಯಂತ್ರ ನಡುಗುತ್ತದೆ, ಕೆಲವೊಮ್ಮೆ ಹಿಂದಕ್ಕೆ ತಿರುಗಿದಂತೆಯೂ ಕಾಣುತ್ತದೆ. ಪರಿಹಾರ ಎಂದರೆ ಶಟರನ್ನು ಹೆಚ್ಚು ಹೊತ್ತು ತೆರೆದಿಡುವುದು. ಅಂತರದ ಸುಮಾರು ಅರ್ಧದಷ್ಟು, ಅಂದರೆ ಎರಡು ಎರಡೂವರೆ ಸೆಕೆಂಡು. ಹಗಲಿನಲ್ಲಿ ಅಷ್ಟು ಹೊತ್ತು ತೆರೆದರೆ ಚಿತ್ರ ಪೂರ್ತಿ ಬೆಳ್ಳಗಾಗುತ್ತದೆ. ಹಾಗಾಗಿ ಲೆನ್ಸಿನ ಮುಂದೆ ಎನ್‌ಡಿ ಫಿಲ್ಟರ್ ಎಂಬ ಕಪ್ಪು ಗಾಜು ಹಾಕುತ್ತೇವೆ. ಸಾವಿರ ಪಟ್ಟು ಬೆಳಕು ತಡೆಯುವ ಗಾಜಿದ್ದರೆ, ಸೆಕೆಂಡಿನ ಐನೂರರಲ್ಲಿ ಒಂದು ಭಾಗ ಇದ್ದ ಶಟರ್ ಎರಡು ಸೆಕೆಂಡಾಗುತ್ತದೆ. ಆಗ ರೆಕ್ಕೆಗಳು ಮಂಜಿನ ತಟ್ಟೆಯಂತೆ ನಯವಾಗಿ ಕಾಣುತ್ತವೆ.

ಆದರೆ ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಮೋಡ. ಜೂನ್ ಜುಲೈನಲ್ಲಿ ಆನೈಮಲೈ ಬೆಟ್ಟಗಳ ಮೇಲೆ ಮೋಡ ಬಿಳಿ ಕಂಬಳಿ ಹೊದಿಸಿದ ಹಾಗೆ ಕೂತಿರುತ್ತದೆ. ಬರಿಗಣ್ಣಿಗೆ ಅಲ್ಲಾಡುವುದೇ ಇಲ್ಲ. ಅದೇ ಎರಡು ಗಂಟೆಯನ್ನು ಓಡಿಸಿ ನೋಡಿ! ಮೋಡ ಕೂತಿಲ್ಲ, ಹರಿಯುತ್ತಿದೆ. ಆಚೆಯಿಂದ ಹತ್ತಿ ಬರುವ ಗಾಳಿ ತಣ್ಣಗಾಗಿ ಅದರ ತೇವ ಮೋಡವಾಗುತ್ತದೆ. ಈಚೆಗೆ ಇಳಿಯುವಾಗ ಗಾಳಿ ಬಿಸಿಯಾಗಿ ಮೋಡ ಕರಗುತ್ತದೆ. ಒಂದು ಅಂಚಿನಲ್ಲಿ ಹುಟ್ಟು, ಇನ್ನೊಂದು ಅಂಚಿನಲ್ಲಿ ಕರಗುವಿಕೆ, ಎರಡೂ ಒಟ್ಟೊಟ್ಟಿಗೆ. ಮೇಲೆ ವಾಲ್ಪಾರೈಯಲ್ಲಿ ಸುರಿಮಳೆ, ಕೆಳಗೆ ಉಡುಮಲೈ ಬಯಲಿನಲ್ಲಿ ಬರೀ ಒದ್ದೆ ಗಾಳಿ, ಏಕೆ ಎಂಬುದನ್ನು ಶಾಲೆಯಲ್ಲಿ ‘ಮಳೆನೆರಳು’ ಎಂದು ಬಾಯಿಪಾಠ ಮಾಡಿದ್ದೆ. ಕಣ್ಣಾರೆ ಕಂಡದ್ದು ಇಲ್ಲಿ.

ಅಜ್ಜಿ ಕೇಳಿದ ಪ್ರಶ್ನೆ

ನಾನು ಆ ಕಡೆಗೇ ಹೋಗಿ ಕೂರಲು ಕಾರಣ ನಮ್ಮ ಅಜ್ಜಿ. ಅವರ ತವರು ಉಡುಮಲೈಪೇಟೆ ಹತ್ತಿರದ ಒಂದು ಹಳ್ಳಿ. ಮದುವೆಯಾಗಿ ಕೊಳ್ಳೇಗಾಲದ ಕಡೆಗೆ ಬಂದಾಗ ಎರಡು ಊರೂ ಒಂದೇ ಜಿಲ್ಲೆಯಲ್ಲಿದ್ದವು. 1956ರವರೆಗೆ ಕೊಳ್ಳೇಗಾಲ ತಾಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಆಮೇಲೆ ಗಂಡನ ಊರು ಮೈಸೂರು ರಾಜ್ಯಕ್ಕೆ ಬಂತು. 2009ರಲ್ಲಿ ತವರೂ ಹೊಸ ತಿರುಪ್ಪೂರು ಜಿಲ್ಲೆಗೆ ಸೇರಿತು. ಅಜ್ಜಿ ಮಾತ್ರ ಈಗಲೂ “ನಮ್ ಕೋಯಮುತ್ತೂರ್ ಸೀಮ” ಎಂದೇ ಹೇಳುತ್ತಾರೆ.

ಮೂರು ವರ್ಷದ ಕೆಳಗೆ ಬಿದ್ದು ಸೊಂಟದ ಮೂಳೆ ಮುರಿದಾಗಿನಿಂದ ಅವರು ಮಂಚ ಬಿಟ್ಟಿಲ್ಲ. ಜಪಸರ ಕೈಯಲ್ಲೇ ಇರುತ್ತದೆ. ಎಷ್ಟನೆಯ ರಹಸ್ಯ ಎಂಬುದು ಈಚೆಗೆ ಮರೆತುಹೋಗುತ್ತದೆ, ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ಒಮ್ಮೆ ನಾನು ಹೋದಾಗ, “ಆಡಿ ತಿಂಗ್ಳ ಗಾಳಿ ಬಂತಾ ಅಲ್ಲಿ?” ಎಂದು ಕೇಳಿದರು. ಆಡಿ ಗಾಳಿಗೆ ರುಬ್ಬುವ ಕಲ್ಲೂ ಹಾರುತ್ತದೆ ಎಂಬ ತಮಿಳು ಗಾದೆ ಹೇಳಿ ನಕ್ಕರು. ಆ ಗಾಳಿಯನ್ನು ಅವರ ಮಂಚದ ಬಳಿಗೆ ತರಬೇಕು ಅನ್ನಿಸಿತು.

ಮುಂದಿನ ಸಲ ಟ್ಯಾಬಿನಲ್ಲಿ ವಿಡಿಯೋ ಹಾಕಿ ಅವರ ಕಣ್ಣಿನ ಹತ್ತಿರ ಹಿಡಿದೆ. ಬೆಟ್ಟದ ಸಾಲನ್ನು ತಕ್ಷಣ ಗುರುತಿಸಿದರು. ಗಾಳಿಯಂತ್ರ ಅವರ ಕಾಲದಲ್ಲಿ ಇರಲಿಲ್ಲ, ಅದೇನೆಂದು ಕೇಳಿದರು. ಆಮೇಲೆ ಹುಬ್ಬು ಗಂಟಿಕ್ಕಿದರು.

“ಇದೇನ್ಲಾ ಮಗಾ, ಮೋಡ ಇಂಗ್ ಓಡೋಯ್ತದ? ಯಾರ್ ಅಟ್ಟಿಸ್ಕಂಡ್ ಬಂದರು?”

“ನಾನೇ ಓಡ್ಸಿದೀನಿ ಅಜ್ಜಿ. ಎರಡು ಗಂಟೆದನ್ನ ಒಂದು ನಿಮಿಷಕ್ಕೆ ತಂದಿದೀನಿ.”

“ಆ ಎರಡ್ ಗಂಟ ನೀ ಎಲ್ಲಿದ್ದ?”

“ಅಲ್ಲೇ, ಕ್ಯಾಮೆರಾ ಪಕ್ಕ.”

“ಏನ್ ಮಾಡ್ತಿದ್ದ?”

“ಏನೂ ಇಲ್ಲ. ಸುಮ್ನೆ ನೋಡ್ತಾ ಕೂತಿದ್ದೆ.”

“ಅದ ಯೋಳು ನಂಗ. ಈ ಓಡೋ ಮೋಡ ಬ್ಯಾಡ. ಕೂತಿದ್ದಾಗ ಏನೇನ್ ಕಂಡ್ತು, ಅದ ಯೋಳು.”

ನಾನು ಹೇಳತೊಡಗಿದೆ. ತೆಂಗಿನ ಗರಿಗಳ ಸದ್ದು ಮಳೆ ಬಂದ ಹಾಗೇ ಕೇಳುತ್ತದೆ, ತಿರುಗಿ ನೋಡಿದರೆ ಮಳೆ ಇಲ್ಲ. ಮೇಕೆ ಕಾಯುವ ಒಬ್ಬರು ಬಂದು “ತಂಬೀ, ರೋಡ್ ಸರ್ವೆಯಾ?” ಎಂದು ಕೇಳಿದರು. ಅಲ್ಲ ಎಂದೆ. ಮೋಡದ ಚಿತ್ರ ತೆಗೆಯುತ್ತಿದ್ದೇನೆ ಎಂದಾಗ ಅವರಿಗೆ ನನ್ನ ಮೇಲೆ ಪಾಪ ಅನ್ನಿಸಿರಬೇಕು, ತಮ್ಮ ಬುತ್ತಿಯ ಮಜ್ಜಿಗೆ ಕೊಟ್ಟರು. ಗಾಳಿಗೆ ನವಿಲಿನ ಬಾಲ ಪಕ್ಕಕ್ಕೆ ವಾಲಿ ಅದು ನಡೆಯಲು ಒದ್ದಾಡುತ್ತಿತ್ತು. ಸಂಜೆ ದೂರದ ಗುಡಿಯೊಂದರ ಗಂಟೆ ಗಾಳಿ ಬಂದಾಗ ಕೇಳುತ್ತಿತ್ತು, ಗಾಳಿ ನಿಂತಾಗ ಇಲ್ಲ. ಇವೆಲ್ಲ ವಿಡಿಯೋದಲ್ಲಿ ಇಲ್ಲವೇ ಇಲ್ಲ. ಐದು ಸೆಕೆಂಡಿಗೊಂದರಂತೆ ತೆಗೆದ 1,440 ಚಿತ್ರಗಳ ಸಂದಿಯಲ್ಲಿ ಎಲ್ಲವೂ ಜಾರಿಹೋಗಿದ್ದವು.

ಹೇಳಿ ಮುಗಿಸಲು ಒಂದು ಗಂಟೆ ಹಿಡಿಯಿತು. ನಡುನಡುವೆ ಅಜ್ಜಿ ತಮ್ಮದನ್ನೂ ಸೇರಿಸಿದರು. ಆಡಿ ಗಾಳಿಗೆ ಸೂರಿನ ಗರಿ ಹಾರದಂತೆ ಅವರಪ್ಪ ಹಗ್ಗ ಕಟ್ಟುತ್ತಿದ್ದದ್ದು, ಕಿರುಬಾವಿಯ ನೀರು, ಸತ್ತುಹೋದ ಒಬ್ಬ ತಂಗಿ. ಆ ತಂಗಿಯ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಅದಕ್ಕೆ ಮೊದಲು ಕೇಳಿರಲಿಲ್ಲ. ನಮ್ಮ ಅಪ್ಪ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಈಗ ಆ ಹೆಸರು ನಮ್ಮ ಮನೆಯ ಸತ್ತವರ ಪ್ರಾರ್ಥನೆಯಲ್ಲಿ ಸೇರಿದೆ.

ಅಂದಿನಿಂದ ತಿಂಗಳಿಗೊಂದು ಭಾನುವಾರ ದಿಂಬಂ ಘಾಟಿಯ 27 ತಿರುವು ಹತ್ತಿ ಊರಿಗೆ ಹೋಗುತ್ತೇನೆ. ಅಜ್ಜಿಯ ಬಳಿ ಕೂರುವಾಗ ಕ್ಯಾಮೆರಾ ಚೀಲದಲ್ಲೇ ಇರುತ್ತದೆ. ಅವರ ನೆನಪು ನಾನು ನೋಡಿದ ಮೋಡದ ಈಚೆ ಅಂಚಿನ ಹಾಗೆ ಕರಗುತ್ತಿದೆ. ಒಂದೊಂದು ಸಲ ನನ್ನನ್ನು ನಮ್ಮ ಚಿಕ್ಕಪ್ಪನ ಹೆಸರಿಂದ ಕರೆಯುತ್ತಾರೆ. ಇನ್ನೆಷ್ಟು ಭಾನುವಾರ ಸಿಗುತ್ತದೋ ದೇವರೇ ಬಲ್ಲರು. ಗದ್ದೆಯ ಬಯಲಲ್ಲಿ ಏನೂ ಮಾಡದೆ ಎರಡು ಗಂಟೆ ಕೂರಲು ಕಲಿತದ್ದು ಆ ಮಂಚದ ಪಕ್ಕ ಕೂರುವಾಗ ನನಗೆ ಉಪಯೋಗಕ್ಕೆ ಬರುತ್ತಿದೆ.

ಅವಸರದ ಬಗ್ಗೆ ಪೋಪ್ ಹೇಳಿದ್ದು

2015ರಲ್ಲಿ ಪೋಪ್ ಫ್ರಾನ್ಸಿಸ್‌ರವರು ‘ಲೌದಾತೋ ಸಿ’ ಪತ್ರ ಹೊರಡಿಸಿದರು. ಅದರ 18ನೆಯ ಪರಿಚ್ಛೇದದಲ್ಲಿ ಮನುಷ್ಯನ ಕೆಲಸ, ಬದುಕು ದಿನೇ ದಿನೇ ವೇಗ ಹೆಚ್ಚಿಸಿಕೊಳ್ಳುತ್ತಿರುವುದರ ಬಗ್ಗೆ ಬರೆದಿದ್ದಾರೆ. ಸೃಷ್ಟಿಯ ಬದಲಾವಣೆ ನಿಧಾನ, ನಮ್ಮದು ಅವಸರ. ಇವೆರಡರ ಹೊಂದಾಣಿಕೆ ತಪ್ಪುತ್ತಿದೆ ಎಂಬುದು ಅವರ ಚಿಂತೆ. ತಿರುಪ್ಪೂರಿನಲ್ಲಿ ಇರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟಿ ಕೊಯಮತ್ತೂರು, ತಿರುಪ್ಪೂರು ದಾಟಿ ಕಾವೇರಿ ಸೇರುವ ನೊಯ್ಯಲ್ ನದಿ ನಮ್ಮ ಬಟ್ಟೆಗಳ ಬಣ್ಣ ಕುಡಿದು ಹಾಳಾಯಿತು. 2011ರಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣದ ಘಟಕಗಳನ್ನು ಮುಚ್ಚಿಸುವವರೆಗೂ ಹೋಯಿತು. ಹಡಗು ಹೊರಡುವ ದಿನ ತಪ್ಪಬಾರದು, ನದಿ ಕಾಯಲಿ ಎಂಬ ಲೆಕ್ಕ ಅದು. ನಾನು ತಿಂಗಳಿಗೊಮ್ಮೆ ನೊಯ್ಯಲ್ ಸೇತುವೆಯ ಒಂದೇ ಜಾಗದಲ್ಲಿ ನಿಂತು ಒಂದೇ ಚಿತ್ರ ತೆಗೆಯುತ್ತೇನೆ. ಅದೂ ಟೈಮ್‌ಲ್ಯಾಪ್ಸೇ. ಅದರ ಮೊದಲ ಸೆಕೆಂಡು ಮುಗಿಯಲು ಎರಡು ವರ್ಷ ಬೇಕು.

ಇದಕ್ಕಿಂತ ದೊಡ್ಡ ತಾಳ್ಮೆ ಉಡುಮಲೈನಿಂದ ಕಾಣುವ ಬೆಟ್ಟಗಳ ಹಿಂದೆಯೇ ಇದೆ. ಕೊಡೈಕೆನಾಲ್ ಸೌರ ವೀಕ್ಷಣಾಲಯದಲ್ಲಿ 20ನೆಯ ಶತಮಾನದ ಆರಂಭದಿಂದ, ಮೋಡವಿಲ್ಲದ ದಿನಗಳಲ್ಲಿ, ಸೂರ್ಯನ ಚಿತ್ರ ತೆಗೆಯುತ್ತ ಬಂದಿದ್ದಾರೆ. ಈಗ ಅದನ್ನು ನಡೆಸುವುದು ನಮ್ಮ ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ. ಸೂರ್ಯನ ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಿ ಕಡಿಮೆಯಾಗುತ್ತವೆ. ಶುರು ಮಾಡಿದವರಲ್ಲಿ ಯಾರೂ ಇವತ್ತು ಇಲ್ಲ. ತಮ್ಮ ಪಾಲಿನ ಒಂದು ಚಿತ್ರ ತೆಗೆದು ಮುಂದಿನವರಿಗೆ ಬಿಟ್ಟುಹೋದರು. ನಮ್ಮ ವಿಶ್ವಾಸವೂ ನಮ್ಮ ಕೈಗೆ ಬಂದದ್ದು ಹೀಗೇ ಅಲ್ಲವೇ?

ಅಲ್ಲಾಡದೆ ಕೂತವರು

ಕೊಯಮತ್ತೂರು ಜಿಲ್ಲೆಯ ಕರುಮತ್ತಂಪಟ್ಟಿಯ ಜಪಸರ ಮಾತೆಯ ದೇವಾಲಯ ಈ ಸೀಮೆಯ ಬಹಳ ಹಳೆಯ ಕ್ರೈಸ್ತ ನೆಲೆಗಳಲ್ಲಿ ಒಂದು. 17ನೆಯ ಶತಮಾನದಲ್ಲಿ ಯೇಸುಸಭೆಯ ಗುರುಗಳು ಬೆಳೆಸಿದ ವಿಶ್ವಾಸ ಅಲ್ಲಿಯದು. ಅಕ್ಟೋಬರ್‌ನಲ್ಲಿ ಅಲ್ಲಿಗೆ ಹೋಗಿದ್ದಾಗ, ಅನುಮತಿ ಕೇಳಿ, ಹೊರಗಿನ ಆವರಣದ ಒಂದು ಮೂಲೆಯಲ್ಲಿ ಸಂಜೆ ಕ್ಯಾಮೆರಾ ಇಟ್ಟೆ. ಒಂದು ಸೆಕೆಂಡಿನ ಶಟರ್. ಮುಖಗಳು ಗುರುತಾಗದಷ್ಟು ದೂರ.

ಒಂದು ಸೆಕೆಂಡು ತೆರೆದಿಟ್ಟರೆ ನಡೆಯುವವರು ಹೊಗೆಯ ಹಾಗೆ ಕಾಣುತ್ತಾರೆ. ವಿಡಿಯೋದಲ್ಲಿ ಜನ ಹೊಳೆಯಾಗಿ ಹರಿದರು. ಆ ಹೊಳೆಯ ನಡುವೆ ಒಬ್ಬ ತಾಯಿ ಮಾತ್ರ ಸ್ಪಷ್ಟವಾಗಿ ಉಳಿದರು. ಕತ್ತಲಾಗುವವರೆಗೂ ಮೇಣದಬತ್ತಿಗಳ ಮುಂದೆ ಮೊಣಕಾಲೂರಿದ್ದರು. ನಾನು ಅಲ್ಲಿದ್ದಾಗ ಅವರನ್ನು ಗಮನಿಸಿಯೇ ಇರಲಿಲ್ಲ. ಅವರ ಸಂಕಟ ಏನೆಂದು ನನಗೆ ಗೊತ್ತಿಲ್ಲ. ಆ ವಿಡಿಯೋವನ್ನು ನಾನು ಎಲ್ಲೂ ಹಾಕಿಲ್ಲ, ಹಾಕುವುದೂ ಇಲ್ಲ. ಆದರೆ ಅವರಿಗಾಗಿ ಈಗಲೂ ಪ್ರಾರ್ಥಿಸುತ್ತೇನೆ.

ಕ್ಯಾಮೆರಾ ಹಿಡಿಯುವ ಯುವಕ ಯುವತಿಯರಿಗೆ ಇಲ್ಲಿ ಒಂದು ಕೋರಿಕೆ. ಬಲಿಪೂಜೆಯ ಹೊತ್ತಿನಲ್ಲಿ ಕ್ಯಾಮೆರಾ ಬೇಡ. ತೇರು, ಮೆರವಣಿಗೆ ತೆಗೆಯುವುದಾದರೆ ಮೊದಲು ಧರ್ಮಗುರುಗಳನ್ನು ಕೇಳಿ. ಅಳುವವರ ಮುಖ ತೆಗೆಯಬೇಡಿ. ಹೊಲದಲ್ಲಿ ಕೂರುವ ಮೊದಲು ಹೊಲದವರನ್ನು ಕೇಳಿ, ಅರಣ್ಯದೊಳಗೆ ಅನುಮತಿ ಇಲ್ಲದೆ ಹೋಗಬೇಡಿ.

ಈ ಆಗಮನ ಕಾಲಕ್ಕೆ ಒಂದು ಕೆಲಸ

ದುಬಾರಿ ಕ್ಯಾಮೆರಾ ಬೇಕಿಲ್ಲ. ಮನೆಯಲ್ಲಿರುವ ಹಳೆಯ ಮೊಬೈಲ್ ಸಾಕು. ಕ್ರಿಸ್ಮಸ್ ಗೋದಲಿಗೆ ನಾವೆಲ್ಲ ತಟ್ಟೆಯಲ್ಲಿ ರಾಗಿ ಚೆಲ್ಲಿ ಪೈರು ಬೆಳೆಸುತ್ತೇವಲ್ಲ, ಈ ವರ್ಷ ಅದನ್ನೇ ತೆಗೆಯಿರಿ. ಡಿಸೆಂಬರ್ ಎರಡನೆಯ ವಾರ ತಟ್ಟೆಗೆ ಮಣ್ಣು ಹಾಕಿ ರಾಗಿ ಚೆಲ್ಲಿ. ಕಿಟಕಿಯ ಬೆಳಕು ಬದಲಾಗುತ್ತಿರುತ್ತದೆ, ಹಾಗಾಗಿ ಚಿತ್ರ ತೆಗೆಯಲು ಒಂದು ಎಲ್‌ಇಡಿ ಬಲ್ಬ್ ಸದಾ ಉರಿಯಲಿ. ಮೊಬೈಲನ್ನು ಅಲ್ಲಾಡದಂತೆ ಕಟ್ಟಿ, ಚಾರ್ಜರಿಗೆ ಹಾಕಿ, ಹತ್ತು ನಿಮಿಷಕ್ಕೊಂದು ಚಿತ್ರ ಬರುವಂತೆ ಆ್ಯಪ್ ಹೊಂದಿಸಿ. ದಿನಕ್ಕೆ 144 ಚಿತ್ರ. ಹತ್ತು ದಿನಕ್ಕೆ 1,440. ನನ್ನ ಮೋಡದ ಲೆಕ್ಕವೇ!

ಮೊದಲ ಒಂದೆರಡು ದಿನ ಏನೂ ಕಾಣುವುದಿಲ್ಲ. ಹಾಳಾಯಿತು ಎಂದುಕೊಂಡು ಮಣ್ಣು ಕೆದಕಬೇಡಿ. ಮಾರ್ಕನ ಶುಭಸಂದೇಶದ 4ನೆಯ ಅಧ್ಯಾಯದಲ್ಲಿ ಬೀಜ ಬಿತ್ತಿ ಮಲಗಿದ ರೈತನ ಸಾಮತಿ ಇದೆ. ಅವನಿಗೆ ತಿಳಿಯದ ಹಾಗೇ ಬೀಜ ಬೆಳೆಯುತ್ತದೆ. ಪ್ರಭು ಆ ರೈತನನ್ನು ಸೋಮಾರಿ ಎಂದು ಬೈಯುವುದಿಲ್ಲ. ಅವನ ಕೆಲಸ ಬಿತ್ತುವುದು, ಕಾಯುವುದು, ಕೊಯ್ಲಿನ ಹೊತ್ತಿಗೆ ಎಚ್ಚರವಾಗಿರುವುದು. ಉಳಿದದ್ದು ದೇವರದು.

ಕ್ರಿಸ್ಮಸ್ ರಾತ್ರಿ ಆ ಪೈರನ್ನು ಗೋದಲಿಯಲ್ಲಿಡಿ. ವಿಡಿಯೋವನ್ನು ಮನೆಯ ಹಿರಿಯರಿಗೆ ತೋರಿಸಿ. ತೋರಿಸಿದ ಮೇಲೆ ಮೊಬೈಲ್ ಕೆಳಗಿಟ್ಟು ಸ್ವಲ್ಪ ಹೊತ್ತು ಅವರ ಬಳಿ ಕೂರಿ. ಅವರು ಏನು ಹೇಳುತ್ತಾರೆಂದು ಮುಂದಿನ ತಿಂಗಳ ಸಭೆಯಲ್ಲಿ ನಮಗೂ ಹೇಳಿ.

ಬಾಲಯೇಸು ನಿಮ್ಮೆಲ್ಲರ ಮನೆಗಳನ್ನು ಆಶೀರ್ವದಿಸಲಿ. ನಮ್ಮ ಅಜ್ಜಿಯನ್ನೂ, ಕರುಮತ್ತಂಪಟ್ಟಿಯ ಆ ತಾಯಿಯನ್ನೂ ನಿಮ್ಮ ಪ್ರಾರ್ಥನೆಯಲ್ಲಿ ನೆನೆಯಿರಿ.